ಕುಡ್ಲ ಎನ್ನಿ, ಕೊಡಿಯಾಲ್ ಎನ್ನಿ

ಮಲ್ಲಿಗೆಗೆ ನೀರು ಹಾಕಿ ಆಯ್ತಾ ಅಕ್ಕಾ? ಸ್ವಲ್ಪ ಪಾಗಾರದ ಹತ್ತಿರ ಬನ್ನಿ, ಒಂದು ವಿಷಯ ಉಂಟು. ನಿಮ್ಮ ಮೊಮ್ಮಗಳು ನಿನ್ನೆ ಕೇಳಿದಳು, ನಮ್ಮ ಊರಿನ ಸರಿಯಾದ ಹೆಸರು ಯಾವುದು, ಮಂಗಳೂರಾ ಕುಡ್ಲವಾ ಅಂತ. ಎರಡಕ್ಕೇ ಎಲ್ಲಿ ಮುಗಿಯಿತು ಮಾರಾಯ್ರೆ! ಕೊಂಕಣಿಯವರಿಗೆ ಇದು ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ಬೆಳಿಗ್ಗೆ ದಕ್ಕೆಯಲ್ಲಿ ಮೀನು ಇಳಿಯುವ ಹೊತ್ತಿಗೆ ಹೋಗಿ ನಿಂತರೆ ಎಲ್ಲವೂ ಕಿವಿಗೆ ಬೀಳುತ್ತವೆ. ಎಲ್ಲವೂ ಸರಿಯೇ ಮಗಾ ಅಂದೆ.

ಮಂಗಳೂರು ಅಂದರೆ ಬೋಳಾರದ ಮಂಗಳಾದೇವಿಯ ಊರು ಎಂದು ಹೇಳಿಕೊಂಡು ಬಂದಿದ್ದೇವೆ. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಅದನ್ನೇ ಮಂಜರೂರ್ ಎಂದು ಬರೆದಿಟ್ಟ. ಇಂಗ್ಲಿಷರ ಬಾಯಲ್ಲಿ ಮ್ಯಾಂಗಲೋರ್ ಆಯಿತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮಂಗಳೂರು ಎಂದೇ ಬರೆಯಬೇಕೆಂದು ಸರಕಾರದ ಆದೇಶ ಬಂತು. ಒಳ್ಳೆಯದೇ. ಕುಡ್ಲಕ್ಕೆ ಮಾತ್ರ ಯಾವ ಆದೇಶವೂ ಬೇಕಾಗಲಿಲ್ಲ. ನೇತ್ರಾವತಿಯೂ ಫಲ್ಗುಣಿಯೂ ಅಳಿವೆಬಾಗಿಲಿನಲ್ಲಿ ಕೂಡುತ್ತವಲ್ಲ, ಆ ಕೂಡುವುದರಿಂದಲೇ ಕುಡ್ಲ ಎನ್ನುತ್ತಾರೆ. ನನಗೆ ಅದೇ ಹೆಚ್ಚು ಇಷ್ಟ. ಬೆಂಗ್ರೆಗೆ ದೋಣಿಯಲ್ಲಿ ಹೋಗುವವರ ಕಣ್ಣೆದುರೇ ಆ ಹೆಸರು ಉಂಟು.

ಬೇರೆ ಊರಿನ ಕತೆಯೂ ಹೀಗೆಯೇ. ಮೂಡಬಿದಿರೆಗೆ ತುಳುವರು ಬೆದ್ರ ಎಂದಷ್ಟೇ ಅನ್ನುವುದು. ಬಿದಿರಿನ ಊರು. ಸಂಸ್ಕೃತ ಬಲ್ಲವರು ಅದನ್ನೇ ವೇಣುಪುರ ಮಾಡಿದರು. ಭಾಷೆ ಬದಲಾಯಿತು, ಬಿದಿರು ಹಾಗೇ ಉಳಿಯಿತು ನೋಡಿ.

ನಮ್ಮ ಮಂಗಳೂರು ಪೇಟೆಯ ಒಳಗೂ ಹಾಗೆಯೇ. ಬಂದರು ಪಾರ್ಸಿ ಮಾತು. ಕಂಡಕ್ಟರು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗಿದರೆ ಹತ್ತುವವರಲ್ಲಿ ಒಬ್ಬರಿಗೂ ಬ್ಯಾಂಕಿನ ಕೆಲಸ ಇರುವುದಿಲ್ಲ, ಅದು ಬಸ್‌ಸ್ಟ್ಯಾಂಡಿನ ಹೆಸರೇ ಆಗಿಹೋಗಿದೆ. ಜ್ಯೋತಿ ಎನ್ನುವ ಸ್ಟಾಪಿಗೆ ಹೆಸರು ಕೊಟ್ಟದ್ದು ಟಾಕೀಸು.

ನನ್ನ ಮನಸ್ಸು ಹೆಚ್ಚು ಓಡುವುದು ಕೊಡಿಯಾಲ್‌ಬೈಲಿನ ಕಡೆಗೆ. ಮೊದಲರ್ಧ ಕೊಂಕಣಿಯವರು ಊರನ್ನು ಕರೆಯುವ ಹೆಸರು, ಉಳಿದದ್ದು ನಮ್ಮ ಗದ್ದೆಯ ಬೈಲು. ಈ ಸೀಮೆಯಲ್ಲಿ ಭೂಮಿಗೆ ಹೆಸರು ಇಟ್ಟದ್ದೇ ನೀರು ನೋಡಿ. ಎತ್ತರದ್ದು ಬೆಟ್ಟು, ಮಳೆ ನಂಬಿ ಏಣೆಲು ಒಂದೇ ಬೆಳೆ. ನಡುವಿನದ್ದು ಮಜಲು, ಸುಗ್ಗಿಯೂ ಸೇರಿ ಎರಡು. ತಗ್ಗಿನಲ್ಲಿ ನೀರು ನಿಲ್ಲುವ ಬೈಲಿಗೆ ಕೊಳಕೆಯೂ ಸೇರಿ ಮೂರು. ಹೆಸರು ಕೇಳಿದರೆ ಸಾಕು, ಅಲ್ಲಿ ಎಷ್ಟು ಬೆಳೆ ತೆಗೆಯಬಹುದು ಎಂದು ಗೊತ್ತಾಗುತ್ತಿತ್ತು. ಈಗ ಬೈಲಿಗೆ ಮಣ್ಣು ತುಂಬಿ ಫ್ಲಾಟು ಕಟ್ಟುತ್ತಾರೆ, ಮಳೆಗಾಲದಲ್ಲಿ ನೀರು ಬಂತು ಎಂದು ಬೊಬ್ಬೆ ಹೊಡೆಯುತ್ತಾರೆ. ಬಾರದೆ ಇರುತ್ತದಾ?

ಊರಿನ ದೊಡ್ಡ ಹೆಸರುಗಳ ಚಿಂತೆ ನನಗಿಲ್ಲ, ಅವು ಬದುಕಿಕೊಳ್ಳುತ್ತವೆ. ಹೋಗುತ್ತಿರುವುದು ಒಂದೊಂದು ಗದ್ದೆಗೆ, ತೋಡಿಗೆ, ಕಟ್ಟಕ್ಕೆ ಇದ್ದ ಹೆಸರು. ನಿಮ್ಮ ಅತ್ತೆಗೆ ತವರಿನ ಗದ್ದೆಗಳ ಹೆಸರೆಲ್ಲ ಬಾಯಿಪಾಠ ಅಲ್ವಾ? ಮೊಮ್ಮಗಳ ಕೈಯಲ್ಲಿ ಒಂದು ಪುಸ್ತಕ ಕೊಟ್ಟು ಅವರ ಪಕ್ಕದಲ್ಲಿ ಕೂರಿಸಿ ಅಕ್ಕಾ. ತುಳುವಿನಲ್ಲಿ ಹೇಳಿದ ಹಾಗೆಯೇ ಬರೆಯಲಿ, ತಿದ್ದುವುದು ಬೇಡ.