ಟೈರಾಡ್ ವಿಮೋಚನ ಮೀಮಾಂಸೆ

ಯಾವ ಶಾಸ್ತ್ರವನ್ನು ಬರೆದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಪೂರ್ವಾಚಾರ್ಯರ ಕಟ್ಟಪ್ಪಣೆ. ಹೇಳುತ್ತೇವೆ. ವಿಷಯ: ಕಾರಿನ ಟೈರಾಡ್ ಎಂಡ್ ಬಿಚ್ಚುವುದು. ಪ್ರಯೋಜನ: ಹಂಪು ಹತ್ತಿಳಿದಾಗಲೆಲ್ಲ ಮುಂದಿನ ಚಕ್ರದಿಂದ ಏಳುವ ಕಟಕಟ ಸದ್ದಿನ ನಿವೃತ್ತಿ. ಸಂಬಂಧ: ಸ್ಟಿಯರಿಂಗಿಗೂ ಚಕ್ರಕ್ಕೂ ಇರುವಂಥದು, ಓಡುವಾಗ ಅದು ಕಡಿದರೆ ಬೇರೆ ಸಂಬಂಧಗಳೂ ಉಳಿಯವು. ಅಧಿಕಾರಿ: ಸ್ವಂತ ಜಾಕು ಉಳ್ಳವನೂ ಭಾನುವಾರ ಯಾರ ಮದುವೆಗೂ ಕರೆಯಿಲ್ಲದವನೂ.

ಇನ್ನು ದೇಶನಿರ್ಣಯ. ಈ ಕಾರ್ಯ ನಡೆಯುವುದು ಪುಟ್ಟೇನಹಳ್ಳಿಯಲ್ಲಿ; ಪುಟ್ಟೇನಹಳ್ಳಿ ಎಂದರೆ ಇಲ್ಲಿ ಯಲಹಂಕದ್ದು. ಜೆ.ಪಿ. ನಗರದ ಕಡೆಯೂ ಒಂದು ಪುಟ್ಟೇನಹಳ್ಳಿ ಉಂಟು, ಅಲ್ಲೂ ಕೆರೆ ಉಂಟು. ಹೀಗಾಗಿ ಬಿಡಿಭಾಗ ತರಲು ಹೋದ ಹುಡುಗ ಊರಿನ ಇನ್ನೊಂದು ತುದಿಯಿಂದ ಫೋನು ಮಾಡುವ ಸಂಭವವಿದೆ. ನಮ್ಮ ಕೆರೆಯನ್ನು ಸರ್ಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಆದಕಾರಣ ಮುಂದೆ ಬರುವ ಸುತ್ತಿಗೆಯ ಅಧ್ಯಾಯವನ್ನು ಕೆರೆಯಿಂದ ದೂರದಲ್ಲಿ ಪಾರಾಯಣ ಮಾಡತಕ್ಕದ್ದು.

ಸ್ಟಿಯರಿಂಗಿನ ಗುರುಪರಂಪರೆ ಚಿಕ್ಕದು. ತಿರುವಿನಲ್ಲಿ ಒಳಗಡೆಯ ಚಕ್ರ ಹೊರಗಡೆಯದಕ್ಕಿಂತ ಹೆಚ್ಚು ತಿರುಗಬೇಕೆಂಬ ತತ್ತ್ವವನ್ನು ಸಾರೋಟಿಗೆ ಅಳವಡಿಸಿದವನು ಮ್ಯೂನಿಕ್‌ನ ಲಾಂಕೆನ್‌ಸ್ಪೆರ್ಗರ್, 1817ರಲ್ಲಿ. ಮರುವರ್ಷ ಲಂಡನ್ನಿನಲ್ಲಿ ಅವನ ಪರವಾಗಿ ಪೇಟೆಂಟ್ ಪಡೆದವನು ಚಿತ್ರ ಮುದ್ರಿಸಿ ಮಾರುತ್ತಿದ್ದ ಆಕರ್‌ಮನ್. ಇಂದು ಜಗತ್ತು ಅದನ್ನು ಆಕರ್‌ಮನ್ ಸ್ಟಿಯರಿಂಗ್ ಎಂದೇ ಕರೆಯುತ್ತದೆ. ದುಡಿದವನೊಬ್ಬ, ಹೆಸರು ಪಡೆದವನೊಬ್ಬ. ನಮ್ಮ ಪಿಎಚ್‌ಡಿ ವಲಯಗಳಿಗೆ ಇದು ಹೊಸದಲ್ಲ.

ರೋಗಲಕ್ಷಣ: ಚಕ್ರವನ್ನು ಜಾಕಿನಿಂದೆತ್ತಿ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಪ್ಲೇ ಸಿಗಬೇಕು. ಹನ್ನೆರಡು ಮತ್ತು ಆರರಲ್ಲಿ ಸಿಕ್ಕರೆ ಬೇರಿಂಗನ್ನೋ ಕೆಳಗಿನ ಬಾಲ್ ಜಾಯಿಂಟನ್ನೋ ಶಂಕಿಸಬೇಕು. ಅದು ಬೇರೆ ಶಾಸ್ತ್ರ, ಬೇರೆ ಬಿಲ್ಲು.

ಈಗ ಮುಖ್ಯ ವಿವಾದಕ್ಕೆ ಬರೋಣ. ಚಕ್ರ ಕಳಚಿ, ಸ್ಪ್ಲಿಟ್ ಪಿನ್ ಎಳೆದು, ನಟ್ಟು ಸಡಿಲಿಸಿದ್ದಾಯಿತು. ಟೈರಾಡ್ ಮಾತ್ರ ಕದಲದು. ಪೂರ್ವಪಕ್ಷದವರು ಕೇಳುತ್ತಾರೆ: 'ನಟ್ಟೇ ಸಡಿಲವಾದ ಮೇಲೆ ಇದನ್ನು ಹಿಡಿದಿರುವವರು ಯಾರು?' ಉತ್ತರ: ಕೋನ್. ಟೈರಾಡ್ ಎಂಡಿನ ಬೋಲ್ಟು ಬೆಣೆಯಂತೆ ತುದಿಗೆ ಸಣ್ಣಗಾಗುತ್ತದೆ. ಅದು ಕೂರುವ, ಚಕ್ರವನ್ನು ಹೊತ್ತ ನಕಲ್ಲಿನ ತೂತಿಗೂ ಅದೇ ಆಕಾರ. ನಟ್ಟು ವರ್ಷಗಟ್ಟಲೆ ಒಂದನ್ನು ಇನ್ನೊಂದರೊಳಕ್ಕೆ ಎಳೆದು ಕೂರಿಸಿದೆ. ಮೇಲೆ ತುಕ್ಕಿನ ಬೆಸುಗೆ. ಅಧಿಕಾರಾವಧಿ ಮುಗಿದರೂ ಸರ್ಕಾರಿ ಬಂಗಲೆ ಬಿಡದ ಮಾಜಿ ಸಚಿವರ ಸ್ಥಿತಿ ಇದು.

ಇಲ್ಲಿ ಪಂಥಗಳು ಕವಲೊಡೆಯುತ್ತವೆ. ತುದಿತಾಡನವಾದಿಗಳು ಬೋಲ್ಟಿನ ತುದಿಗೇ ಬಡಿಯುತ್ತಾರೆ. ತುದಿ ಅಣಬೆಯಾಗಿ ಅರಳಿ ನಟ್ಟು ಮತ್ತೆ ಕೂರದು. ಕವಲುಬೆಣೆಯವರು ನಡುವೆ ಬೆಣೆ ತೂರಿಸಿ ರಬ್ಬರ್ ಬೂಟನ್ನು ಹರಿಯುತ್ತಾರೆ. ಹೊಸದು ಹಾಕುವವರಿಗೆ ಇದು ದೋಷವಲ್ಲ. ಪುಲ್ಲರ್ ಪಂಥದವರು ಸಾಧುಗಳು, ಆದರೆ ಉಪಕರಣ ಯಾವಾಗಲೂ ಪಕ್ಕದ ಗ್ಯಾರೇಜಿನವನು ಒಯ್ದಿರುತ್ತಾನೆ. ಅಷ್ಟರಲ್ಲಿ ಹಾಲು ತರಲು ಹೊರಟವರೊಬ್ಬರು ನಿಂತು 'ಡಬ್ಲ್ಯೂಡಿ ಹೊಡೀರಿ ಸಾರ್' ಎಂದು ತುಕ್ಕು ಬಿಡಿಸುವ ಸ್ಪ್ರೇಯ ಹೊಸ ಮತ ಸ್ಥಾಪಿಸುತ್ತಾರೆ.

ಸಿದ್ಧಾಂತವನ್ನು ಹೇಳಿದವರು ಗ್ಯಾರೇಜಿನ ಮೇಸ್ತ್ರಿಯೊಬ್ಬರು: 'ಅದಕ್ಕೆ ಹೊಡೀಬೇಡಿ ಸಾರ್, ಅದನ್ನ ಹಿಡ್ಕೊಂಡಿರೋದಕ್ಕೆ ಹೊಡೀರಿ.' ನಕಲ್ಲಿನ ಕಿವಿಗೆ ಪಕ್ಕದಿಂದ ಭಾರದ ಸುತ್ತಿಗೆಯಿಂದ ಬಲವಾಗಿ ಕೊಟ್ಟರೆ ತೂತು ಕ್ಷಣಮಾತ್ರ ಆಕಾರ ತಪ್ಪುತ್ತದೆ, ಕೋನ್ ಟಪ್ಪೆಂದು ಬಿಡುತ್ತದೆ. ಆಗ ಅದು ಹಾರದಂತೆ ನಟ್ಟನ್ನು ನಾಲ್ಕು ಸುತ್ತು ಇರಗೊಟ್ಟಿರಬೇಕು. ಬೂಟು, ಬ್ರೇಕ್ ಪೈಪುಗಳ ಮೇಲೆ ಕೈ ತಪ್ಪಬಾರದು. ಕಾರು ಬರೀ ಜಾಕಿನ ಮೇಲಿದ್ದರೆ ಈ ಭಾಷ್ಯ ಓದಲೇಬೇಡಿ; ಮೊದಲು ಸ್ಟ್ಯಾಂಡ್ ಕೊಡಿ.

ಬಿಚ್ಚಿದ ಮೇಲೆ ಸುತ್ತೆಣಿಕೆ. ಲಾಕ್ ನಟ್ಟಿನ ಜಾಗಕ್ಕೆ ಬಣ್ಣದ ಗುರುತು ಹಾಕಿ, ಹಳೆಯದು ಎಷ್ಟು ಸುತ್ತಿನಲ್ಲಿ ಹೊರಬಂತೋ ಹೊಸದನ್ನು ಅಷ್ಟೇ ಸುತ್ತು ಒಳಹಾಕಬೇಕು. ಎಣಿಸುವವನನ್ನು ಮಾತಾಡಿಸುವುದು ಮಹಾಪಾತಕ. ಜೆ.ಸಿ. ರಸ್ತೆಯಿಂದ ತಂದ ಹೊಸ ಟೈರಾಡ್ ಉದ್ದದಲ್ಲಿ ಕೂದಲೆಳೆ ಬೇರೆಯಾದರೂ ಎಣಿಕೆಯೆಲ್ಲ ವ್ಯರ್ಥ. ಆದ್ದರಿಂದ ಸರಿಯಾಗಿ ಎಣಿಸಿದವರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಸ್ಪ್ಲಿಟ್ ಪಿನ್ ಹೊಸದನ್ನೇ ಹಾಕಿ. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ತೂರಿಸುವ ವಿದ್ವಾಂಸರು ಎಷ್ಟೇ ಕರೆದರೂ ಅವರ ಕಾರಿನಲ್ಲಿ ಕೂರಬೇಡಿ.