ಆರ್‌ಸಿ ಮೀಮಾಂಸೆ

ಹೊಸ ಕಾರಿಗೆ ಒಬ್ಬ ಮಾಲೀಕನಾಗುವುದು ಯಾವ ಕ್ಷಣದಲ್ಲಿ? ದುಡ್ಡು ಎಣಿಸಿದಾಗ ಎಂಬುದು ಪಾಮರರ ಮತ. ಟಯರಿನಡಿ ನಿಂಬೆಹಣ್ಣಿಟ್ಟು, ಶೋರೂಮಿನವರು ರಟ್ಟಿನ ದೊಡ್ಡ ಕೀಲಿಕೈ ಹಿಡಿಸಿ ಫೋಟೋ ತೆಗೆದಾಗ ಎಂಬುದು ಮನೆಮಂದಿಯ ಮತ. 1988ರ ಮೋಟಾರು ವಾಹನ ಕಾಯ್ದೆಯೆಂಬ ಶ್ರುತಿಗೆ ಎರಡೂ ಅಮಾನ್ಯ. ನೋಂದಣಿಯಾಗದ ಗಾಡಿಗೆ ರಸ್ತೆ ನಿಷಿದ್ಧವೆಂದು ಅದರ 39ನೇ ಸೆಕ್ಷನ್ ಸಾರುತ್ತದೆ.

ಸಂಸ್ಕಾರವಿಧಿಗೆ 1989ರ ಕೇಂದ್ರ ನಿಯಮಗಳೆಂಬ ಸ್ಮೃತಿಯನ್ನು ನೋಡತಕ್ಕದ್ದು. ಮಾರಿದ್ದು ನಿಜವೆಂದು ಡೀಲರ್ ಹೇಳುವುದು ಫಾರಂ 21. ಗಾಡಿ ರಸ್ತೆಗೆ ಯೋಗ್ಯವೆಂದು ತಯಾರಕರು ಹೇಳುವುದು ಫಾರಂ 22. ಇವೆರಡನ್ನೂ ಲಗತ್ತಿಸಿ ಮಾಲೀಕ ಬೇಡಿಕೊಳ್ಳುವುದು ಫಾರಂ 20. ಇಪ್ಪತ್ತಕ್ಕೆ ಮೊದಲು ಇಪ್ಪತ್ತೊಂದು, ಇಪ್ಪತ್ತೆರಡು ಬರುವುದೇಕೆಂದು ಭಾಷ್ಯಕಾರರು ಮೌನ ತಾಳಿದ್ದಾರೆ. ಡೀಲರ್ ಕಡೆಯ ಹುಡುಗ ಪೆನ್ಸಿಲಿನಿಂದ ಇಂಟು ಗುರುತು ಹಾಕಿದಲ್ಲೆಲ್ಲ ಸಹಿ ಮಾಡುವುದಷ್ಟೇ ಸಾಧಕನ ಕರ್ತವ್ಯ. ಓದಲು ಹೊರಡುವುದು ಅಧಿಕಪ್ರಸಂಗ.

ಸಾಲದ ಕಾರಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಕೂರುತ್ತದೆ. ಮಾಲೀಕನೂ ಬ್ಯಾಂಕೂ ಅಭಿನ್ನವೋ ಭಿನ್ನವೋ ಎಂಬ ಜಿಜ್ಞಾಸೆ ಕಂತು ತಪ್ಪಿದ ತಿಂಗಳಲ್ಲಿ ತಾನಾಗಿ ಬಗೆಹರಿಯುವುದರಿಂದ ಇಲ್ಲಿ ಬೆಳೆಸಿಲ್ಲ.

ನಿಜವಾದ ವಾಗ್ವಾದವಿರುವುದು ಆರ್‌ಸಿಯನ್ನು ಒಯ್ಯುವ ಬಗೆಯಲ್ಲಿ. ಮೂಲವಾದಿಗಳು ಕಾರ್ಡನ್ನೇ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಧರ್ಮಸ್ಥಳದ ಕುಂಕುಮದ ಪೊಟ್ಟಣದ ಪಕ್ಕ ಇಡುತ್ತಾರೆ. ಕಾರು ಕಳುವಾದರೆ ಕಳ್ಳನಿಗೆ ದಾಖಲೆಯ ಕೊರತೆಯಾಗದು. ಇದಕ್ಕೆ ಹೆದರಿದವರು ಜೆರಾಕ್ಸ್‌ವಾದಿಗಳು. ಮೂಲವನ್ನು ಬೀರುವಿನಲ್ಲಿ ಭದ್ರಪಡಿಸಿ, ಅದರ ಛಾಯೆಗೆ ಲ್ಯಾಮಿನೇಷನ್ ಹೊದಿಸುತ್ತಾರೆ. ಆ ಪ್ರತಿಯಲ್ಲಿ ಸರ್ಕಾರದ ಲಾಂಛನ ಕಪ್ಪು ಚುಕ್ಕೆ, ಚಾಸಿಸ್ ನಂಬರಿನ ಎಂಟೂ ಮೂರೂ ಒಂದೇ. 2018ರ ನವೆಂಬರಿನಲ್ಲಿ 139ನೇ ನಿಯಮಕ್ಕೆ ತಿದ್ದುಪಡಿಯಾಗಿ ಡಿಜಿವಾದ ತಲೆಯೆತ್ತಿತು: ಡಿಜಿಲಾಕರಿನಲ್ಲೋ ಎಂ-ಪರಿವಾಹನಿನಲ್ಲೋ ತೋರಿಸಿದರೆ ಸಾಕು. ತತ್ತ್ವ ನಿರ್ದೋಷವೇ, ಆದರೆ ಘಾಟಿಯ ತಿರುವಿನಲ್ಲಿ ನೆಟ್‌ವರ್ಕ್ ಹೋದಾಗ ಆರ್‌ಸಿ ಇದೆಯೆಂಬುದಕ್ಕೆ ಸುತ್ತುತ್ತಿರುವ ಚಕ್ರವೊಂದೇ ಪ್ರಮಾಣ. (ಲುಪ್ತವಾದ ನಾಲ್ಕನೆಯ ಶಾಖೆಯೊಂದಿತ್ತು. ಕೇಳಿದಾಗ ದಾಖಲೆ ಕೈಯಲ್ಲಿಲ್ಲದವನು ದೃಢೀಕೃತ ಪ್ರತಿಯನ್ನು 15 ದಿನಗಳೊಳಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಬಹುದೆಂದು ಹಳೆಯ 139ನೇ ನಿಯಮ ಹೇಳುತ್ತಿತ್ತು. ಅದರ ಅನುಯಾಯಿಗಳನ್ನು ಕಂಡವರಿಲ್ಲ.)

ಈ ಮತಗಳ ತಾರತಮ್ಯವನ್ನು ನಿರ್ಣಯಿಸುವವರು ಸರ್ಕಲ್ಲಿನಲ್ಲಿ ಕೈ ಅಡ್ಡ ಹಿಡಿಯುವ ಪೊಲೀಸಪ್ಪ. ಕಾರ್ಡು, ಜೆರಾಕ್ಸು, ಮೊಬೈಲು ಮೂರನ್ನೂ ಒಟ್ಟಿಗೆ ಚಾಚಿದ ಸಮನ್ವಯವಾದಿಯತ್ತ ಅವರು ಕಣ್ಣೆತ್ತಿಯೂ ನೋಡದೆ ಕೇಳುವುದು, “ಎಮಿಷನ್ ಎಲ್ಲಿ ಸಾರ್?”

ನೋಂದಣಿಯಾದ ದಿನದಿಂದ ಒಂದು ವರ್ಷ ಹೊಸ ಗಾಡಿಗೆ ಎಮಿಷನ್ ಸರ್ಟಿಫಿಕೇಟ್ ಬೇಡವೆಂದು ಆಗ ಸಪ್ರಮಾಣವಾಗಿ ವಾದಿಸಬಹುದು.

“ನೋಂದಣಿ ಯಾವತ್ತಾಯ್ತು? ಆರ್‌ಸಿ ತೆಗೀರಿ.”