ಪಲಾಯನ ಮೀಮಾಂಸೆ

ಶಾಸ್ತ್ರ ಎಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ವಿಷಯ, ಯುದ್ಧದಾಟದಲ್ಲಿ ಓಡಿಹೋಗುವುದು ಧರ್ಮವೋ ಅಧರ್ಮವೋ ಎಂಬುದು. ಅಧಿಕಾರಿ, ‘ವಾರ್ ಇನ್ ದ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್’ ಎಂಬ 2009ರ ಕಂಪ್ಯೂಟರ್ ಆಟದ ಬಲೆಗೆ ಬಿದ್ದ ಗೃಹಸ್ಥ. ಸಂಬಂಧ, ಅವನಿಗೂ ಮನೆಯವರಿಗೂ ಅಷ್ಟಕ್ಕಷ್ಟೆ. ಪ್ರಯೋಜನ ಇಲ್ಲ.

ಈ ಆಟದಲ್ಲಿ ಒಂದು ಸರದಿಗೆ ಒಂದು ದಿನ. 1941ರ ಡಿಸೆಂಬರ್ 7ರ ಪರ್ಲ್ ಹಾರ್ಬರಿನಿಂದ ಜಪಾನ್ ಶರಣಾಗತಿಗೆ ಸಹಿ ಹಾಕಿದ 1945ರ ಸೆಪ್ಟೆಂಬರ್ 2ರವರೆಗೆ ಲೆಕ್ಕ ಹಾಕಿದರೆ ಸಾವಿರದ ಮುನ್ನೂರಕ್ಕೂ ಮಿಕ್ಕಿದ ಸರದಿಗಳು. ಎದುರಾಳಿಗಳು ಇಮೇಲಿನಲ್ಲಿ ಸರದಿ ಕಳಿಸಿಕೊಳ್ಳುತ್ತ ಆಡುವಾಗ, ನಿಜವಾದ ಯುದ್ಧವೇ ಬೇಗ ಮುಗಿದಿತ್ತಲ್ಲ ಎನಿಸುವುದೂ ಉಂಟು.

ಮೊದಲ ಸೂತ್ರ: ಬಲವಿಲ್ಲದವನು ಕಾಲಿಗೆ ಬುದ್ಧಿ ಹೇಳತಕ್ಕದ್ದು.

ಭಾಷ್ಯ: ಮಿತ್ರಪಕ್ಷ ಆಡುವವನಿಗೆ ಮೊದಲ ಆರು ತಿಂಗಳು ಏಟು ತಿನ್ನುವುದೇ ಉದ್ಯೋಗ. ಚರಿತ್ರೆಯಲ್ಲಿ ಡಿಸೆಂಬರ್ 10ಕ್ಕೆ ಬ್ರಿಟಿಷರ ಯುದ್ಧನೌಕೆಗಳಾದ ‘ಪ್ರಿನ್ಸ್ ಆಫ್ ವೇಲ್ಸ್’, ‘ರಿಪಲ್ಸ್’ ಎರಡೂ ಮುಳುಗಿದವು. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಹೋಯಿತು. ಇದನ್ನೆಲ್ಲ ಓದಿಕೊಂಡೇ ಕೂತ ಆಟಗಾರ ಹಡಗು, ವಿಮಾನ, ದಂಡು ಎಲ್ಲವನ್ನೂ ಕಟ್ಟಿಕೊಂಡು ಭಾರತ, ಆಸ್ಟ್ರೇಲಿಯಗಳ ಕಡೆ ಪರಾರಿಯಾಗುತ್ತಾನೆ. ಈ ಪಂಥಕ್ಕೆ ‘ಸರ್ ರಾಬಿನ್’ ಎಂದು ಹೆಸರು. ಮಾಂಟಿ ಪೈಥಾನ್ ತಂಡದ 1975ರ ಸಿನಿಮಾದಲ್ಲಿ, ಓಡಿಹೋದದ್ದನ್ನೇ ಹಾಡಿಸಿಕೊಳ್ಳುವ ವೀರನೇ ಇದರ ಮೂಲಪುರುಷ. ಇನ್ನೊಂದು ಪಂಥದವರು ಓಡುವುದಿಲ್ಲ. ಜಪಾನ್ ಬರುವುದೇ ಎಣ್ಣೆಗೆ ಎಂದು ತರ್ಕಿಸಿ, ಸಿಕ್ಕ ದಂಡನ್ನೆಲ್ಲ ಸುಮಾತ್ರದ ಪಾಲೆಂಬಾಂಗಿನಲ್ಲಿ ತುರುಕಿ ಅಲ್ಲೇ ಬಿಡಾರ ಹೂಡುತ್ತಾರೆ.

ಓಟಕ್ಕೆ ಪ್ರಮಾಣಗಳು ಮೂರು. ಒಂದು, ಡಚ್ಚರ ‘ಅಬ್ರಹಾಂ ಕ್ರೈನ್ಸೆನ್’. ಸಮುದ್ರದ ಮೈನ್ ತೆಗೆಯುವ ಈ ಪುಟ್ಟ ಹಡಗು 1942ರ ಮಾರ್ಚಿನಲ್ಲಿ ಜಾವಾ ಬಿಡುವಾಗ ಮೈತುಂಬ ಕೊಂಬೆರೆಂಬೆ ಹೊದ್ದು, ಉಳಿದ ಒಡಲಿಗೆ ಬಂಡೆಯ ಬಣ್ಣ ಬಳಿಸಿಕೊಂಡು ದ್ವೀಪವೇ ಆಯಿತು. ಹಗಲಲ್ಲಿ ದಡದ ಮಗ್ಗುಲಲ್ಲಿ ಲಂಗರು, ರಾತ್ರಿ ಓಟ. ಹೀಗೆ ಆಸ್ಟ್ರೇಲಿಯ ಸೇರಿತು. ಎರಡು, ಅಮೆರಿಕದ ಸೇನಾಪತಿ ಮ್ಯಾಕ್‌ಆರ್ಥರ್. ಅದೇ ಮಾರ್ಚ್ 11ರ ರಾತ್ರಿ, ಅಧ್ಯಕ್ಷರ ಅಪ್ಪಣೆಯಂತೆ ಟಾರ್ಪಿಡೊ ದೋಣಿ ಹತ್ತಿ ಫಿಲಿಪೀನ್ಸಿನ ಕೊರಿಗಿಡಾರ್ ಬಿಟ್ಟರು. ಕೆಲವೇ ವಾರಗಳಲ್ಲಿ ಮೆಡಲ್ ಆಫ್ ಆನರ್ ಬಂತು. ಮೂರು, ಅಲಾಸ್ಕದ ಕಿಸ್ಕಾ. 1943ರ ಜುಲೈ ಕೊನೆಯಲ್ಲಿ ಜಪಾನೀಯರು ಐದು ಸಾವಿರಕ್ಕೂ ಹೆಚ್ಚು ಜನರನ್ನು ಮಂಜಿನ ಮರೆಯಲ್ಲಿ ಆ ದ್ವೀಪದಿಂದ ಸಾಗಿಸಿಬಿಟ್ಟರು. ಆಗಸ್ಟ್ 15ರಂದು ಮಿತ್ರಪಕ್ಷದ ಭಾರಿ ಸೇನೆ ಇಳಿದು, ಇಲ್ಲದ ಶತ್ರುವನ್ನು ಹುಡುಕುತ್ತ ತನ್ನವರ ಮೇಲೇ ಗುಂಡು ಹಾರಿಸಿಕೊಂಡಿತು. ಪಲಾಯನಕ್ಕೆ ಇದಕ್ಕಿಂತ ದೊಡ್ಡ ಸಿದ್ಧಿ ಇಲ್ಲ.

ಪೂರ್ವಪಕ್ಷ: ಜಪಾನ್ ಆಡುವವನು ಇಲ್ಲಿ ಕೆರಳುತ್ತಾನೆ. “1943ರ ಆರಂಭಕ್ಕೆ ನನ್ನ ಅಂಕ ನಿನ್ನದರ ನಾಲ್ಕು ಪಟ್ಟಾದರೆ ಆಟ ನನ್ನದು. ಹೊಡೆಯಲು ಯಾರೂ ಇಲ್ಲದಿದ್ದರೆ ಅಂಕ ಎಲ್ಲಿಂದ ಬರಬೇಕು? ಆಗಿನ ಸೇನಾಪತಿಗಳಿಗೆ ನಾಳೆಯ ಸುದ್ದಿ ಗೊತ್ತಿರಲಿಲ್ಲ, ನಿನಗೆ ಗೊತ್ತು. ಮರ್ಯಾದೆಯಾಗಿ ನಿಂತು ಹೊಡೆಸಿಕೋ!” ಇಂಥ ಜಗಳಗಳಿಗಾಗಿಯೇ ಹುಟ್ಟಿದ್ದು, ಆಟಗಾರರೇ ತಮ್ಮೊಳಗೆ ಮಾಡಿಕೊಳ್ಳುವ ಹೌಸ್ ರೂಲ್ ಎಂಬ ಸ್ಮೃತಿ: ನಾಲ್ಕು ಎಂಜಿನ್ನಿನ ಬಾಂಬರ್ ತೀರ ಕೆಳಗೆ ಹಾರಕೂಡದು, ಒಂಟಿ ದೋಣಿಗಳನ್ನು ಸಮುದ್ರದ ತುಂಬ ಕಾವಲಿಗೆ ಚೆಲ್ಲಕೂಡದು, ಇತ್ಯಾದಿ.

ಎರಡನೆಯ ಸೂತ್ರ: ತಾನು ಮಾಡಿದರೆ ತಂತ್ರ, ಎದುರಾಳಿ ಮಾಡಿದರೆ ಕುತಂತ್ರ.

ಭಾಷ್ಯ: ನಾಳೆಯ ಸುದ್ದಿ ಗೊತ್ತಿರುವುದು ಒಬ್ಬನಿಗೇ ಅಲ್ಲ. ಚರಿತ್ರೆಯಲ್ಲಿ ಜಪಾನ್ ಸೋತ ಮಿಡ್‌ವೇ ಕಡೆಗೆ ತಲೆ ಹಾಕಿಯೂ ಮಲಗದ ಜಪಾನ್ ಆಟಗಾರ ಮಿತ್ರಪಕ್ಷದವನಿಗೆ ಅಜ್ಞಾನದ ವ್ರತ ಬೋಧಿಸುವುದು ಹೇಗೆ? ಇನ್ನು ಕಾವಲು ದೋಣಿ: 1942ರ ಏಪ್ರಿಲ್ 18ರಂದು ಜಪಾನಿನ ಮೇಲೆ ದಾಳಿಗೆ ಡೂಲಿಟಲ್‌ನ ಬಾಂಬರ್‌ಗಳನ್ನು ಹೊತ್ತು ಬರುತ್ತಿದ್ದ ಅಮೆರಿಕದ ವಿಮಾನವಾಹಕ ‘ಹಾರ್ನೆಟ್’ನ ಪಡೆಯನ್ನು ಕಂಡು ಸುದ್ದಿ ಮುಟ್ಟಿಸಿದ್ದು ಜಪಾನಿನ ಅಂಥದ್ದೇ ದೋಣಿ. ಸ್ಮೃತಿಯ ಪ್ರಕಾರ ಆ ದಿನದ ಚರಿತ್ರೆಯೇ ಅಸಿಂಧು.

ಆದರೆ ಸ್ಮೃತಿಕಾರರಲ್ಲಿ ಅಗ್ರಗಣ್ಯರು ಜಪಾನಿನ ಅಡ್ಮಿರಲ್ ಉಗಾಕಿ. 1942ರ ಮೇ ಆರಂಭದಲ್ಲಿ ‘ಯಮಾಟೊ’ ಯುದ್ಧನೌಕೆಯಲ್ಲಿ ಮಿಡ್‌ವೇ ದಾಳಿಯ ಮೇಜಿನಾಟ ನಡೆಯಿತು. ದಾಳ ಉರುಳಿಸಿದರೆ ಜಪಾನಿನ ವಿಮಾನವಾಹಕಗಳಿಗೆ ಒಂಬತ್ತು ಏಟು. ‘ಅಕಾಗಿ’, ‘ಕಾಗಾ’ ಎರಡೂ ನೀರುಪಾಲು. ತೀರ್ಪಿನ ಪೀಠದಲ್ಲಿದ್ದ ಉಗಾಕಿ ಒಂಬತ್ತನ್ನು ಮೂರಕ್ಕಿಳಿಸಿದರು: ‘ಕಾಗಾ’ ಮಾತ್ರ ಮುಳುಗಿತು, ‘ಅಕಾಗಿ’ಗೆ ತರಚುಗಾಯ. ಆಮೇಲೆ, ಮುಂದಿನ ದಂಡಯಾತ್ರೆಯ ಸುತ್ತಿಗೆ ಬೇಕಾಯಿತೆಂದು ‘ಕಾಗಾ’ವೂ ತಳದಿಂದ ಎದ್ದು ಬಂತು. ಜೂನ್ 4ರಂದು ಮೇಲಿನಿಂದ ಎರಗಿದ ಅಮೆರಿಕದ ಬಾಂಬರ್‌ಗಳು ಈ ಸ್ಮೃತಿಯನ್ನು ಓದಿರಲಿಲ್ಲ. ಬೆಳಗ್ಗೆ ‘ಅಕಾಗಿ’, ‘ಕಾಗಾ’, ‘ಸೊರ್ಯು’ ಹೊತ್ತಿಕೊಂಡವು, ಸಂಜೆ ‘ಹಿರ್ಯು’.

ಸಿದ್ಧಾಂತ: ದಾಳ ಬೀಳುವ ಮೊದಲು ಇಬ್ಬರೂ ಒಪ್ಪಿ ಬರೆದುಕೊಂಡದ್ದು ನಿಯಮ, ಬಿದ್ದ ಮೇಲೆ ಒಬ್ಬನೇ ತಿದ್ದಿದ್ದು ಉಗಾಕಿ ಸ್ಮೃತಿ. ಓಡುವವನು ಎದುರಾಳಿಗೆ ಬೆನ್ನು ತೋರಿಸಿದರೂ ದಾಳಕ್ಕೆ ತೋರಿಸಿಲ್ಲ. ತನಗೆ ಬೀಳಬಹುದಾದ ಒಂಬತ್ತು ಏಟನ್ನು ಒಂಬತ್ತೆಂದೇ ಎಣಿಸಿ ಹೊರಟಿದ್ದಾನೆ. ಆದ್ದರಿಂದ ಪಲಾಯನ ಧರ್ಮ್ಯವೇ.

ಫಲಶ್ರುತಿ: ಇದನ್ನು ಓದಿದ ಮಿತ್ರಪಕ್ಷದವನಿಗೆ 1943ರವರೆಗೆ ತಾಳ್ಮೆಯೂ, ತರುವಾಯ ಎಸೆಕ್ಸ್ ವರ್ಗದ ವಿಮಾನವಾಹಕಗಳೂ ಲಭಿಸುತ್ತವೆ. ಜಪಾನಿನವನಿಗೆ ಖಾಲಿ ದ್ವೀಪಗಳು ಯಥೇಚ್ಛವಾಗಿ ಲಭಿಸುತ್ತವೆ. ಅಲ್ಲಿ ಅವನು ಬೇಕಾದ ನಿಯಮ ಮಾಡಿಕೊಳ್ಳಬಹುದು, ಆಕ್ಷೇಪಿಸುವವರು ಯಾರೂ ಇರುವುದಿಲ್ಲ.